ಬಿದ್ದಾಗ ಯಾವುದು ಸುಳಿವು ಬಿಡುತ್ತದೆ? ಪ್ಲಾಸ್ಮಾ, ಗ್ನೋಮ್, ಕಾಸ್ಮಿಕ್ ಬೀಟಾಗಳ ಹೋಲಿಕೆ

ಲಿನಕ್ಸ್ ಡೆಸ್ಕ್‌ಟಾಪ್‌ನ ಬೀಟಾ, ಅಂದರೆ ಬಿಡುಗಡೆಗೆ ಮುನ್ನ ಪರೀಕ್ಷೆಗೆ ಕೊಡುವ ಆವೃತ್ತಿ, ಬೀಳುತ್ತದೆ (ಕ್ರ್ಯಾಶ್ ಆಗುತ್ತದೆ), ಅದಕ್ಕೇ ಅದು ಬೀಟಾ. ಯಾವುದು ಕಡಿಮೆ ಬೀಳುತ್ತದೆ ಎಂದು ಹೋಲಿಸಿ ಹೆಚ್ಚು ಪ್ರಯೋಜನವಿಲ್ಲ. ಮುಂದಿನ ಅಪ್‌ಡೇಟ್ ಬರುವಷ್ಟರಲ್ಲಿ ಆ ಲೆಕ್ಕ ತಲೆಕೆಳಗಾಗಿರುತ್ತದೆ. ಬಗ್ ಹುಡುಕಿ ವರದಿ ಮಾಡಲೆಂದೇ ಕೂತವರಿಗೆ ಬೇಕಾದ ಲೆಕ್ಕ ಬೇರೆ. ಬಿದ್ದಾಗ ಕೈಯಲ್ಲಿ ಏನು ಉಳಿಯುತ್ತದೆ? ಉಳಿದದ್ದನ್ನು ಎಲ್ಲಿಗೆ ಮುಟ್ಟಿಸಬೇಕು? ಮುಟ್ಟಿಸಿದ ಮೇಲೆ ಅದರ ಗತಿಯೇನು? ಕೆಡಿಇ ಪ್ಲಾಸ್ಮಾ, ಗ್ನೋಮ್, ಕಾಸ್ಮಿಕ್ ಎಂಬ ಮೂರು ಲಿನಕ್ಸ್ ಡೆಸ್ಕ್‌ಟಾಪ್‌ಗಳ ಬಿಡುಗಡೆಪೂರ್ವ ಆವೃತ್ತಿಗಳನ್ನೂ ಒಂದೇ ಲ್ಯಾಪ್‌ಟಾಪ್‌ನಲ್ಲಿ, ಹೊರಗಿನ ಮಾನಿಟರ್ ಒಂದನ್ನು ಜೋಡಿಸಿಕೊಂಡು ಬಳಸಿ ನೋಡಿದ್ದೇನೆ. ಅಂದಚೆಂದದ ವಿಚಾರ ಇಲ್ಲಿ ಬರುವುದಿಲ್ಲ.

ಮೊದಲು ಬೀಳುವ ರೀತಿ. ಪರದೆಗೆ ಚಿತ್ರ ತರುವ ಹಳೆಯ ಎಕ್ಸ್11 ವ್ಯವಸ್ಥೆಯ ಬದಲಿಗೆ ವೇಲ್ಯಾಂಡ್ ಬಂದ ಮೇಲೆ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುವಷ್ಟಾಗಿದೆ. ಗ್ನೋಮ್‌ನಲ್ಲಿ ಕಿಟಕಿಗಳನ್ನು ಪರದೆಗೆ ತರುವ ಮಟರ್, ಮೇಲಿನ ಪಟ್ಟಿ, ಓವರ್‌ವ್ಯೂ, ನೋಟಿಫಿಕೇಶನ್, ನಾವು ಹಾಕಿಕೊಂಡ ಎಕ್ಸ್‌ಟೆನ್ಶನ್‌ಗಳು ಎಲ್ಲವೂ ಗ್ನೋಮ್ ಶೆಲ್ ಎಂಬ ಒಂದೇ ಪ್ರಾಸೆಸ್‌ನೊಳಗೆ (ಓಡುತ್ತಿರುವ ಒಂದು ಪ್ರೋಗ್ರಾಂ) ಓಡುತ್ತವೆ. ಅದು ಒಂಟಿ ಕಂಬದ ಚಪ್ಪರ. ಕಂಬ ಉರುಳಿದರೆ ಸೀದಾ ಲಾಗಿನ್ ಪರದೆಗೆ ಬಂದು ನಿಲ್ಲುತ್ತೀರಿ, ತೆರೆದಿದ್ದ ಆಪ್‌ಗಳೆಲ್ಲ ಹೋಗಿರುತ್ತವೆ. ಹಿಂದೆ ಎಕ್ಸ್11 ಸೆಶನ್‌ನಲ್ಲಿ ಶೆಲ್ ಒಂದನ್ನೇ ಮರುಪ್ರಾರಂಭಿಸುವ ದಾರಿಯಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಬಂದ ಗ್ನೋಮ್ 49 ಆ ಸೆಶನ್ನನ್ನೇ ಡೀಫಾಲ್ಟ್ ಆಗಿ ಮುಚ್ಚಿದೆ.

ಪ್ಲಾಸ್ಮಾದಲ್ಲಿ ಪ್ಯಾನೆಲ್ ಮತ್ತು ಡೆಸ್ಕ್‌ಟಾಪ್ ನೋಡಿಕೊಳ್ಳುವ ಪ್ಲಾಸ್ಮಾಶೆಲ್ ಬೇರೆ, ಕಿಟಕಿಗಳನ್ನು ನೋಡಿಕೊಳ್ಳುವ ಕೆವಿನ್ ಬೇರೆ. ಪ್ಯಾನೆಲ್ ಸತ್ತರೆ ಕ್ಷಣದಲ್ಲಿ ಮತ್ತೆ ಹುಟ್ಟುತ್ತದೆ, ಬರೆಯುತ್ತಿದ್ದ ಕಡತ ಹಾಗೇ ಇರುತ್ತದೆ. ಪ್ಲಾಸ್ಮಾ 6ರಿಂದೀಚೆಗೆ ಕೆವಿನ್ನೇ ಬಿದ್ದರೂ ಕ್ಯೂಟಿ 6 ಎಂಬ ಆಪ್ ಕಟ್ಟುವ ಸಲಕರಣೆಯಲ್ಲಿ ಕಟ್ಟಿದ ಆಪ್‌ಗಳು ಹೊಸ ಕೆವಿನ್ನಿಗೆ ಮತ್ತೆ ಅಂಟಿಕೊಳ್ಳುತ್ತವೆ; ಅಂಥದ್ದೇ ಇನ್ನೊಂದು ಸಲಕರಣೆಯಾದ ಜಿಟಿಕೆಯ ಆಪ್‌ಗಳಿಗೆ ಆ ಭಾಗ್ಯವಿಲ್ಲ. ಕಾಸ್ಮಿಕ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಬಿಡಿಬಿಡಿಯಾಗಿದೆ. ಪ್ಯಾನೆಲ್ ಒಂದು ಪ್ರಾಸೆಸ್, ಅದರ ಮೇಲಿನ ಆಪ್ಲೆಟ್‌ಗಳೂ ತಂತಮ್ಮ ಪ್ರಾಸೆಸ್‌ಗಳು. ವಾಲ್ಯೂಮ್ ಆಪ್ಲೆಟ್ ಕೈಕೊಟ್ಟರೆ ಬ್ಯಾಟರಿ ಆಪ್ಲೆಟ್‌ಗೆ ಅದರ ಸುದ್ದಿಯೂ ಇರುವುದಿಲ್ಲ.

ಇಷ್ಟು ಓದಿದವರಿಗೆ ಗ್ನೋಮ್ ಪರೀಕ್ಷೆಯೇ ಬೇಡ ಅನ್ನಿಸಬಹುದು. ನನಗೆ ಹಾಗನ್ನಿಸಿಲ್ಲ. ಸದ್ದಿಲ್ಲದೆ ಸತ್ತು ಸದ್ದಿಲ್ಲದೆ ಎದ್ದು ಬರುವ ಪ್ಯಾನೆಲ್ ಬಳಕೆದಾರನಿಗೆ ಒಳ್ಳೆಯದು, ಪರೀಕ್ಷಕನಿಗೆ ಅಪಾಯ: ಒಂದು ಮಿಣುಕು ಕಂಡು ಮಾಯವಾಗುತ್ತದೆ, ನಾವು ಕೆಲಸ ಮುಂದುವರಿಸುತ್ತೇವೆ, ಬಗ್ ದಾಖಲಾಗುವುದೇ ಇಲ್ಲ. ಹಾಗಾಗಿ ಪ್ಲಾಸ್ಮಾ ಮತ್ತು ಕಾಸ್ಮಿಕ್ ಪರೀಕ್ಷಿಸುವಾಗ ಒಂದು ಟರ್ಮಿನಲ್‌ನಲ್ಲಿ ವ್ಯವಸ್ಥೆಯ ಲಾಗ್ ಆದ ಜರ್ನಲ್ ತೋರಿಸುವ ಜರ್ನಲ್‌ಸಿಟಿಎಲ್ ಅನ್ನು ಸತತವಾಗಿ ಓಡಲು ಬಿಟ್ಟು, ದಿನದ ಕೊನೆಗೆ, ಬಿದ್ದ ಪ್ರೋಗ್ರಾಂಗಳ ಮೆಮೊರಿ ನಕಲುಗಳನ್ನು (ಕೋರ್‌ಡಂಪ್) ತೋರಿಸುವ ಕೋರ್‌ಡಂಪ್‌ಸಿಟಿಎಲ್ ಪಟ್ಟಿಯನ್ನೂ ತೆಗೆದು ನೋಡುತ್ತೇನೆ. ನನಗೆ ಗೊತ್ತೇ ಆಗದೆ ಬಿದ್ದು ಎದ್ದವುಗಳ ಹೆಸರುಗಳು ಅಲ್ಲಿ ಸಾಲಾಗಿ ನಿಂತಿರುತ್ತವೆ.

ಬಿದ್ದ ಮೇಲಿನ ಸುಳಿವಿನ ವಿಚಾರಕ್ಕೆ ಬಂದರೆ ಪ್ಲಾಸ್ಮಾ ನಿಸ್ಸಂಶಯವಾಗಿ ಮುಂದು. ಡಾಕ್ಟರ್ ಕಾಂಕಿ ಎಂಬ ಪುಟ್ಟ ಪ್ರೋಗ್ರಾಂ ಕ್ರ್ಯಾಶ್ ಆದೊಡನೆ ಬಂದು ನಿಲ್ಲುತ್ತದೆ, ಬೀಳುವಾಗ ಯಾವ ಕೋಡ್ ಓಡುತ್ತಿತ್ತು ಎಂದು ತೋರಿಸುವ ಬ್ಯಾಕ್‌ಟ್ರೇಸ್ ತೆಗೆಯುತ್ತದೆ, ಅದು ಡೆವಲಪರ್‌ಗೆ ಪ್ರಯೋಜನಕ್ಕೆ ಬರುವಂಥದ್ದೇ ಎಂದು ತಾನೇ ಅಳೆದು ಹೇಳುತ್ತದೆ. ಡಿಸ್ಟ್ರೋ (ಲಿನಕ್ಸ್ ವಿತರಣೆ) ಡೀಬಗ್‌ಇನ್ಫೋಡಿ ಸರ್ವರ್ ನಡೆಸುತ್ತಿದ್ದರೆ, ಬಿದ್ದ ಜಾಗವನ್ನು ಮೂಲ ಕೋಡಿನ ಸಾಲಿಗೆ ಹೊಂದಿಸುವ ಡೀಬಗ್ ಚಿಹ್ನೆಗಳನ್ನು ಹುಡುಕಿ ಪ್ಯಾಕೇಜ್ ಹಾಕುವ ಗೋಳೂ ಇಲ್ಲ, ಬೇಕಾದಷ್ಟು ಮಾತ್ರ ತಾನಾಗಿ ಇಳಿಯುತ್ತದೆ. ಉದ್ದದ ವರದಿ ಬರೆಯಲು ಬೇಸರವಾದರೆ ಕ್ರ್ಯಾಶ್ ವಿವರವನ್ನಷ್ಟೇ ಸ್ವಯಂಚಾಲಿತವಾಗಿ ಕಳಿಸುವ ಆಯ್ಕೆಯೂ ಇದೆ. ಗ್ನೋಮ್‌ನಲ್ಲಿ ಈ ಕೆಲಸವನ್ನು ಡಿಸ್ಟ್ರೋ ತನ್ನ ಸಲಕರಣೆಯಿಂದ ಮಾಡಿಕೊಟ್ಟರೆ ಉಂಟು, ಇಲ್ಲವಾದರೆ ಕೋರ್‌ಡಂಪ್ ಹುಡುಕಿ ಜಿಡಿಬಿ ಎಂಬ ಡೀಬಗ್ಗರ್‌ನಲ್ಲಿ ತೆರೆದು ಬ್ಯಾಕ್‌ಟ್ರೇಸ್ ತೆಗೆಯುವುದು ನಮ್ಮ ಪಾಲಿಗೆ.

ಕಾಸ್ಮಿಕ್‌ನಲ್ಲಿ ನನಗೆ ಹಿಡಿಸಿದ್ದು ಅದನ್ನು ಬರೆದಿರುವ ರಸ್ಟ್ ಭಾಷೆಯ ಒಂದು ಗುಣ. ರಸ್ಟ್ ಪ್ರೋಗ್ರಾಂ ಪ್ಯಾನಿಕ್ ಆಗಿ (ಮುಂದೆ ಹೋಗಲಾಗದ ತಪ್ಪು ಎದುರಾಗಿ) ನಿಂತರೆ ಯಾವ ಫೈಲಿನ ಎಷ್ಟನೇ ಸಾಲಿನಲ್ಲಿ ನಿಂತೆ ಎಂದು ಹೇಳಿಯೇ ಸಾಯುತ್ತದೆ. ಡೀಬಗ್ ಚಿಹ್ನೆ ಬೇಡ, ಜಿಡಿಬಿ ಬೇಡ. ಜರ್ನಲ್‌ನಿಂದ ಆ ಒಂದು ಸಾಲು ನಕಲು ಮಾಡಿ ಹಾಕಿದರೆ ವರದಿಯ ಅರ್ಧ ಕೆಲಸ ಮುಗಿಯಿತು. ಎಲ್ಲ ಬಗ್‌ಗಳೂ ಪ್ಯಾನಿಕ್ ಆಗುವುದಿಲ್ಲ, ಅದು ಬೇರೆ ಮಾತು. ಹೆಪ್ಪುಗಟ್ಟಿ ನಿಂತ ಪರದೆಗೆ ಮೂರರಲ್ಲೂ ಮದ್ದು ಒಂದೇ: ಇನ್ನೊಂದು ಯಂತ್ರದಿಂದ ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಮೂಲಕ ಒಳಗೆ ಬಂದು ಲಾಗ್ ತೆಗೆಯುವುದು.

ಮುಟ್ಟಿಸುವ ಜಾಗಗಳಲ್ಲೂ ಮೂರರದು ಮೂರು ದಾರಿ. ಪ್ಲಾಸ್ಮಾ ಕಟ್ಟುವ ಕೆಡಿಇ ಬಳಗದ್ದು ಇಂದಿಗೂ ಬಗ್‌ಜಿಲ್ಲಾ ಎಂಬ ಬಗ್ ದಾಖಲಿಸುವ ತಾಣ. ನೋಡಲು ಹಳೆಯ ಕಾಲದ್ದು, ಆದರೆ ಎಲ್ಲ ಒಂದೇ ಕಡೆ ಇದೆ. ಪ್ರಾಡಕ್ಟ್ (ಬಗ್ ಯಾವ ಪ್ರೋಗ್ರಾಂನದ್ದು ಎಂಬ ಆಯ್ಕೆ) ತಪ್ಪಿದರೂ ಯಾರೋ ಸರಿಯಾದ ಕಡೆಗೆ ದಾಟಿಸುತ್ತಾರೆ. ಆವೃತ್ತಿ ಆರಿಸುವಾಗ ಒಂದು ಗೊಂದಲ ಬರುತ್ತದೆ. ಪ್ಲಾಸ್ಮಾ 6.2ರ ಬೀಟಾ ಪಟ್ಟಿಯಲ್ಲಿ 6.1.90 ಎಂದು ಕಾಣಿಸುತ್ತದೆ, 6.1 ಎಂದು ಓದಿ ಹಳೆಯ ಸ್ಥಿರ ಆವೃತ್ತಿಯ ಕೆಳಗೆ ವರದಿ ಹಾಕಿದರೆ ಅದು ಬೀಟಾದ ಬಗ್ ಎಂದು ಯಾರಿಗೂ ತಿಳಿಯುವುದಿಲ್ಲ. ಗ್ನೋಮ್ ಈ ವಿಷಯದಲ್ಲಿ ಸರಳ: 40ನೇ ಆವೃತ್ತಿಯಿಂದ ಆಲ್ಫಾ (ಬೀಟಾಗೂ ಮುಂಚಿನದು), ಬೀಟಾ, ಆರ್‌ಸಿ (ಬಿಡುಗಡೆಗೆ ಮುನ್ನದ ಕೊನೆಯ ಹಂತ) ಎಂಬ ಪದಗಳೇ ಸಂಖ್ಯೆಯ ಪಕ್ಕದಲ್ಲಿರುತ್ತವೆ.

ಬಗ್‌ಜಿಲ್ಲಾದಲ್ಲಿ ಇನ್ನೊಂದು ಕಟ್ಟುನಿಟ್ಟು ಇದೆ. ಹೆಚ್ಚಿನ ಮಾಹಿತಿ ಕೇಳಿ ಸ್ಥಿತಿ ಬದಲಿಸಿದ ಮೇಲೆ ನೀವು 15 ದಿನ ಸುಮ್ಮನಿದ್ದರೆ ಒಂದು ನೆನಪೋಲೆ, 30 ದಿನವಾದರೆ ವರದಿ ತಾನಾಗಿ ಮುಚ್ಚಿಹೋಗುತ್ತದೆ. ಕೆಲವರಿಗೆ ಇದು ಒರಟು ಅನ್ನಿಸುತ್ತದೆ. ನನಗೆ ನ್ಯಾಯವೆನ್ನಿಸುತ್ತದೆ, ಉತ್ತರಿಸದ ವರದಿಗಾರನ ಬಗ್ ಅನ್ನು ಕೈಯಲ್ಲಿ ಹಿಡಿದು ಡೆವಲಪರ್ ಮಾಡುವುದಾದರೂ ಏನು? ಅದೇ ಕೆಡಿಇ 2022ರಲ್ಲಿ, ಬಳಸಲು ಕೂತ ಮೊದಲ 15 ನಿಮಿಷದಲ್ಲೇ ಎದುರಾಗುವಂಥ ಬಗ್‌ಗಳನ್ನು ಬೇರೆಯಾಗಿ ಗುರುತಿಸಿ ಮೊದಲು ಸರಿಪಡಿಸುವ ಕ್ರಮ ಶುರುಮಾಡಿತು. ನಿಮ್ಮ ಬಗ್ ಆ ಜಾತಿಯದ್ದಾದರೆ ಅದೃಷ್ಟ.

ಗ್ನೋಮ್‌ನದು ಗಿಟ್‌ಲ್ಯಾಬ್ ಎಂಬ ಕೋಡ್ ತಾಣ. ಅಲ್ಲಿ ಶೆಲ್ ಒಂದು ಪ್ರಾಜೆಕ್ಟ್, ಮಟರ್ ಇನ್ನೊಂದು, ಸೆಟ್ಟಿಂಗ್ಸ್ ಮತ್ತೊಂದು. ಮಾನಿಟರ್, ಕರ್ಸರ್, ಕಿಟಕಿಗಳ ಚಲನೆ ಇವುಗಳ ತೊಂದರೆ ಬಹುತೇಕ ಮಟರ್‌ನದ್ದು. ಕಣ್ಣಿಗೆ ಕಾಣುವ ಬಟನ್, ಪಟ್ಟಿ, ಮೆನು ಶೆಲ್‌ನದ್ದು. ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಎಕ್ಸ್‌ಟೆನ್ಶನ್ ಇಲ್ಲದೆಯೂ ಹೀಗಾಗುತ್ತದೆಯೇ? ಎಕ್ಸ್‌ಟೆನ್ಶನ್ ಕೋಡ್ ಶೆಲ್‌ನ ಹೊಟ್ಟೆಯೊಳಗೇ ಓಡುವುದರಿಂದ ಆ ಅನುಮಾನ ಸಹಜ. ಹೊಸ ಆವೃತ್ತಿಯ ಸಂಖ್ಯೆಯನ್ನು ತಮ್ಮಲ್ಲಿ ನಮೂದಿಸಿಕೊಳ್ಳದ ಎಕ್ಸ್‌ಟೆನ್ಶನ್‌ಗಳು ಬೀಟಾದಲ್ಲಿ ಲೋಡ್ ಆಗುವುದೇ ಇಲ್ಲ. ಜನ ಇದನ್ನು ಬೈಯುತ್ತಾರೆ, ಪರೀಕ್ಷಕನಿಗೆ ಮಾತ್ರ ಉಪಕಾರ. ಡಿಸ್ಟ್ರೋ ತಾನೇ ಸೇರಿಸಿದ ಪ್ಯಾಚ್‌ಗಳ (ಕೋಡ್ ತಿದ್ದುಪಡಿಗಳ) ಅನುಮಾನವೂ ಬೇಡವೆಂದರೆ ಗ್ನೋಮ್ ಬಳಗವೇ ಪರೀಕ್ಷೆಗೆಂದು ಕಟ್ಟುವ ಗ್ನೋಮ್ ಓಎಸ್‌ನ ನೈಟ್ಲಿ (ದಿನವೂ ಹೊಸದಾಗಿ ಬರುವ) ಇಮೇಜ್ ಇದೆ.

ಕಾಸ್ಮಿಕ್ ಗಿಟ್‌ಹಬ್‌ನಲ್ಲಿದೆ, ಒಂದೊಂದು ತುಂಡಿಗೂ ಒಂದೊಂದು ರೆಪೊ (ಕೋಡ್ ಭಂಡಾರ). ಯಾವುದೆಂದು ತಿಳಿಯದಿದ್ದರೆ ಕಾಸ್ಮಿಕ್ ಎಪೋಕ್ ಎಂಬ ಮುಖ್ಯ ರೆಪೊದಲ್ಲಿ ಹಾಕಿದರಾಯಿತು. ಮೊದಲ ಆಲ್ಫಾ ಬಂದದ್ದು 2024ರ ಆಗಸ್ಟ್‌ನಲ್ಲಿ, ಸ್ಥಿರ ಆವೃತ್ತಿ 2025ರ ಡಿಸೆಂಬರ್‌ನಲ್ಲಿ. ಆ ನಡುವಿನ ಕಾಲದಲ್ಲಿ ಪರೀಕ್ಷಿಸುವುದೇ ಒಂದು ಬೇರೆ ಅನುಭವ: ಇದು ಬಗ್ಗೋ, ಅಥವಾ ಇನ್ನೂ ಬರೆದೇ ಇಲ್ಲದ ಸೌಲಭ್ಯವೋ ಎಂದು ಮೊದಲು ತೀರ್ಮಾನಿಸಬೇಕಿತ್ತು. ವರದಿ ಬರೆಯುವ ಮುನ್ನ ಹಳೆಯ ಇಶ್ಯೂಗಳನ್ನು ಹುಡುಕುವುದಕ್ಕೆ ಬೇರೆ ಎರಡಕ್ಕಿಂತ ಇಲ್ಲಿ ಹೆಚ್ಚು ಹೊತ್ತು ಹೋಗುತ್ತಿತ್ತು.

ಸೆಟ್ಟಿಂಗ್ ಕಡತಗಳದ್ದು ಚಿಕ್ಕ ವಿಷಯ, ಆದರೂ ಬಗ್‌ನ ಕಾರಣ ಕಿರಿದುಗೊಳಿಸಲು ಬೇಕು. ಕಾಸ್ಮಿಕ್‌ನಲ್ಲಿ ಒಂದೊಂದು ಆಯ್ಕೆಗೂ ಒಂದೊಂದು ಪುಟ್ಟ ಪಠ್ಯ ಕಡತ. ಅನುಮಾನ ಬಂದದ್ದನ್ನು ಅಳಿಸಿ ನೋಡಬಹುದು. ಪ್ಲಾಸ್ಮಾದಲ್ಲೂ ಪಠ್ಯವೇ, ಆದರೆ ಕಾನ್ಫಿಗ್ ಫೋಲ್ಡರಿನ ತುಂಬ ಚೆಲ್ಲಾಡಿರುತ್ತವೆ. ಗ್ನೋಮ್‌ನದು ಡಿಕಾನ್ಫ್ ಎಂಬ ಬೈನರಿ ಡೇಟಾಬೇಸ್. ಯಾವುದಾದರೇನು, ಹೊಸ ಬಳಕೆದಾರ ಖಾತೆ ತೆರೆದು ಅಲ್ಲಿ ಒಮ್ಮೆ ಮರುಕಳಿಸಿ ನೋಡುವುದು ಎಲ್ಲಕ್ಕಿಂತ ಬೇಗ ಮುಗಿಯುವ ಕೆಲಸ.

ಎಲ್ಲಿ ಓಡಿಸಬೇಕು ಎಂಬ ಪ್ರಶ್ನೆಗೆ ಬಹಳ ಜನರ ಉತ್ತರ ವರ್ಚುವಲ್ ಮಷಿನ್. ಸೆಟ್ಟಿಂಗ್ಸ್ ಪುಟದ ಅಕ್ಷರದೋಷ, ಮೆನುವಿನ ಎಡವಟ್ಟು ಹುಡುಕಲು ಅದು ಸಾಕು. ಡೆಸ್ಕ್‌ಟಾಪಿನ ನಿಜವಾದ ಬಗ್‌ಗಳು ಇರುವುದು ಸಸ್ಪೆಂಡ್ ಆಗಿ ಏಳುವಲ್ಲಿ, ಮಾನಿಟರ್ ಕಿತ್ತು ಹಾಕುವಲ್ಲಿ, ಗ್ರಾಫಿಕ್ಸ್ ಡ್ರೈವರ್ ಜೊತೆಗಿನ ಮಾತುಕತೆಯಲ್ಲಿ. ಎನ್‌ವಿಡಿಯಾ ಕಾರ್ಡ್‌ಗಳಲ್ಲಿ ವೇಲ್ಯಾಂಡ್ ಸೆಶನ್‌ನ ಕಿಟಕಿಗಳು ಮಿನುಗುತ್ತಿದ್ದ ಹಳೆಯ ಕಾಟಕ್ಕೆ 2024ರಲ್ಲಿ, ಚಿತ್ರ ಸಿದ್ಧವಾದದ್ದನ್ನು ಡ್ರೈವರ್ ಮತ್ತು ಡೆಸ್ಕ್‌ಟಾಪ್ ಒಂದಕ್ಕೊಂದು ತಿಳಿಸುವ ಎಕ್ಸ್‌ಪ್ಲಿಸಿಟ್ ಸಿಂಕ್ ಮದ್ದಾಗಿ ಬಂತು. ಅದಕ್ಕೆ ಪ್ಲಾಸ್ಮಾ 6.1 ಅಥವಾ ಗ್ನೋಮ್ 46.1, ಜೊತೆಗೆ 555ನೇ ಸರಣಿಯ ಡ್ರೈವರ್ ಬೇಕಿತ್ತು. ವರ್ಚುವಲ್ ಮಷಿನ್‌ನಲ್ಲಿ ಕೂತವನಿಗೆ ಆ ರೋಗವೂ ಕಾಣದು, ಮದ್ದು ನಾಟಿತೋ ಇಲ್ಲವೋ ಅದೂ ತಿಳಿಯದು. ಪ್ರತ್ಯೇಕ ಪಾರ್ಟಿಶನ್ ಬಿಟ್ಟುಕೊಡುವುದೇ ಸರಿ. ಬಿಟಿಆರ್‌ಎಫ್‌ಎಸ್ ಕಡತ ವ್ಯವಸ್ಥೆಯ ಸ್ನ್ಯಾಪ್‌ಶಾಟ್ ಇರುವ ಓಪನ್‌ಸೂಸೆ ಟಂಬಲ್‌ವೀಡ್‌ನಂಥ ಡಿಸ್ಟ್ರೋ ಮೇಲೆ ಹಾಕಿದರೆ ಕೆಟ್ಟ ಅಪ್‌ಡೇಟ್‌ನಿಂದ ಹಿಂದಕ್ಕೆ ಬರುವುದೂ ಸುಲಭ.

ಮೂರರಲ್ಲೊಂದರ ಬೀಟಾದಲ್ಲಿ, ಮಾನಿಟರ್ ಕೇಬಲ್ ಕಿತ್ತು ಮತ್ತೆ ಹಾಕಿದರೆ ಪ್ಯಾನೆಲ್ ಬರುತ್ತಿರಲಿಲ್ಲ. ‘ಪ್ಯಾನೆಲ್ ಮಾಯ’ ಎಂದಷ್ಟೇ ಬರೆದಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿದಾಗ, ತೆರೆದಾಗ, ಸ್ಕೇಲಿಂಗ್ (ಪರದೆಯಲ್ಲಿ ಕಾಣುವುದರ ಗಾತ್ರ) ಬದಲಿಸಿದಾಗ ಎಂದು ಒಂದೊಂದೇ ಬೇರ್ಪಡಿಸುತ್ತ ಹೋದಾಗ ತಿಳಿದದ್ದು: ಲ್ಯಾಪ್‌ಟಾಪ್ ಮುಚ್ಚಿದ್ದು, ಹೊರಗಿನ ಮಾನಿಟರ್‌ನ ಸ್ಕೇಲಿಂಗ್ 125% ಇದ್ದಾಗ ಮಾತ್ರ ಹೀಗೆ, 100% ಮಾಡಿದರೆ ಇಲ್ಲ. ಶೀರ್ಷಿಕೆಯಲ್ಲೇ ಅದನ್ನು ಬರೆದೆ. ಉತ್ತರವಾಗಿ ಬಂದದ್ದು ಪ್ರಶ್ನೆಯಲ್ಲ, ಪರೀಕ್ಷಿಸಿ ನೋಡಲು ಒಂದು ಪ್ಯಾಚ್.

ಲ್ಯಾಟಿನ್ ಅಲ್ಲದ ಲಿಪಿಯಲ್ಲಿ ಟೈಪ್ ಮಾಡುವವರು ಇನ್ನೊಂದನ್ನು ನೋಡಲೇಬೇಕು. ಗ್ನೋಮ್‌ನಲ್ಲಿ ಅಂಥ ಟೈಪಿಂಗ್ ನೋಡಿಕೊಳ್ಳುವ ಐಬಸ್ ಡೆಸ್ಕ್‌ಟಾಪಿನೊಳಗೇ ಬೆಸೆದುಕೊಂಡಿದೆ. ಪ್ಲಾಸ್ಮಾದ ವೇಲ್ಯಾಂಡ್ ಸೆಶನ್‌ನಲ್ಲಿ ಅದೇ ಕೆಲಸದ ಎಫ್‌ಸಿಐಟಿಎಕ್ಸ್ (Fcitx) 5 ಬಳಸುವವರು ಅದನ್ನು ವರ್ಚುವಲ್ ಕೀಬೋರ್ಡ್ ಪುಟದಲ್ಲಿ ಆರಿಸಬೇಕು. ಅಲ್ಲಿದೆ ಎಂದು ಹೇಳದೆ ಹೊಳೆಯುವ ಜಾಗವಲ್ಲ. ಇಂಥ ಬಗ್‌ಗಳು ಇಂಗ್ಲಿಷಿನಲ್ಲಷ್ಟೇ ಟೈಪ್ ಮಾಡುವ ಡೆವಲಪರ್ ಕಣ್ಣಿಗೆ ಬೀಳುವುದೇ ಇಲ್ಲ.

ಮೊದಲ ಸಲ ವರದಿ ಮಾಡುವವರಿಗೆ ನಾನು ಪ್ಲಾಸ್ಮಾ ಬೀಟಾವನ್ನೇ ಹೇಳುತ್ತೇನೆ. ಸುಳಿವು ಸಿಗುವುದು ಸುಲಭ ಎಂಬುದು ಒಂದು ಕಾರಣ, ವೇಳಾಪಟ್ಟಿ ಇನ್ನೊಂದು. ಬೀಟಾದಿಂದ ಬಿಡುಗಡೆಗೆ ಸಾಮಾನ್ಯವಾಗಿ ಸುಮಾರು ಒಂದು ತಿಂಗಳು. ಆಮೇಲಿನ ತಿದ್ದುಪಡಿ ಬಿಡುಗಡೆಗಳು ಫಿಬೊನಾಚಿ ಸರಣಿಯಂತೆ 1, 1, 2, 3, 5 ವಾರಗಳ ಅಂತರದಲ್ಲಿ ಬರುತ್ತವೆ. ಬೀಟಾದಲ್ಲಿ ಹೇಳಿದ್ದು ಬಿಡುಗಡೆಯ ದಿನಕ್ಕೆ ಸರಿಹೋಗದಿದ್ದರೂ ಒಂದೆರಡು ವಾರದೊಳಗೆ ಇನ್ನೊಂದು ಅವಕಾಶವಿರುತ್ತದೆ. ಗ್ನೋಮ್ ಮಾರ್ಚ್ ಮತ್ತು ಸೆಪ್ಟೆಂಬರ್ ಬಿಡುಗಡೆಗಳ ಮುನ್ನ ಇಂಟರ್‌ಫೇಸ್ ಮತ್ತು ಪಠ್ಯಗಳನ್ನು ಫ್ರೀಜ್ ಮಾಡುತ್ತದೆ, ಅಂದರೆ ಬದಲಿಸುವುದನ್ನು ನಿಲ್ಲಿಸುತ್ತದೆ. ಆರ್‌ಸಿ ಬಂದ ಮೇಲೆ ಬಟನ್‌ನ ಜಾಗ ಸರಿಯಿಲ್ಲ ಎಂದು ಬರೆದರೆ ಮುಂದಿನ ಆರು ತಿಂಗಳ ಸರದಿಗೆ ಸೇರುತ್ತೀರಿ. ಗ್ನೋಮ್ ಪರೀಕ್ಷಿಸುವ ಮನಸ್ಸಿದ್ದರೆ ಆಲ್ಫಾದಲ್ಲೇ ಇಳಿಯಿರಿ.