ನೀಲಿ, ಬಿಳಿ, ಕೆಂಪು: ಒಂದೇ ಕೋರ್ಸ್, ಮೂರು ಟೀ

ನಮ್ಮ ಗಾಲ್ಫ್ ಕೋರ್ಸ್ ಕಷ್ಟ ಅಂತ ನಾನು ಆರು ವರ್ಷ ಹೇಳಿಕೊಂಡು ಬಂದೆ. ಗುಡ್ಡ, ಏರು, ಎರಡೂ ಕಡೆ ಕಾಫಿ ತೋಟ, ನೂರರ ಮೇಲೆ ಸ್ಕೋರ್ (ಒಟ್ಟು ಹೊಡೆತ, ಕಡಿಮೆ ಇದ್ದಷ್ಟೂ ಒಳ್ಳೆಯದು) ಆಗದೆ ಇನ್ನೇನಾಗುತ್ತೆ? ಮಾವ ಒಂದು ದಿನ ಕೇಳಿದರು: "ಕೋರ್ಸ್ ಕಷ್ಟವಾ, ನೀನು ನಿಲ್ಲೋ ಜಾಗ ಕಷ್ಟವಾ?" ಅವರಿಗೆ ಅರವತ್ತೆಂಟು. ಕೆಂಪು ಟೀಯಿಂದ ಆಡುತ್ತಾರೆ. ಟೀ ಅಂದರೆ ಪ್ರತಿ ಹೋಲ್‌ಗೂ ಮೊದಲ ಹೊಡೆತಕ್ಕೆ ನಿಲ್ಲೋ ಜಾಗ; ನಮ್ಮಲ್ಲಿ ನೀಲಿ ಎಲ್ಲಕ್ಕಿಂತ ಹಿಂದೆ, ಕೆಂಪು ಎಲ್ಲಕ್ಕಿಂತ ಮುಂದೆ. ತಿಂಗಳಿಗೆ ಎರಡು ಸಲವಾದರೂ ನನ್ನಿಂದ ಕಾಫಿ ತಿಂಡಿ ದುಡ್ಡು ಗೆಲ್ಲುತ್ತಾರೆ.

ಹಾಗಾಗಿ ಮಳೆ ನಿಂತ ಮೇಲೆ, ಅಕ್ಟೋಬರ್ ಕೊನೆಯಿಂದ ಪುತ್ತರಿ ಹಬ್ಬ ಕಳೆಯುವವರೆಗೆ, ಮೂರೂ ಟೀಗಳಿಂದ ನಾಲ್ಕು ನಾಲ್ಕು ರೌಂಡ್ ಆಡಿದೆ. ಕೋರ್ಸ್ ಯಾವುದು ಅಂತ ಬೇಡ. ಕೆಳಗಿನ ಅಂಕಿಗಳನ್ನೂ ಲೆಕ್ಕ ಸುಲಭವಾಗಲಿ ಅಂತ ದುಂಡಗೆ ಮಾಡಿದ್ದೇನೆ. ನೀಲಿ 6,400 ಗಜ, ಬಿಳಿ 5,900, ಕೆಂಪು 5,200. ನನ್ನ ಇಂಡೆಕ್ಸ್, ಅಂದರೆ ಆಟದ ಮಟ್ಟ ಹೇಳುವ ಹ್ಯಾಂಡಿಕ್ಯಾಪ್ ಅಂಕಿ, 18. ಎಲ್ಲಕ್ಕಿಂತ ದೂರ ಹೊಡೆಯುವ ಕ್ಲಬ್ಬು ಡ್ರೈವರ್, ಅದು ಚೆನ್ನಾಗಿ ತಗುಲಿದರೆ 200 ಗಜ.

ನಾಲ್ಕನೇ ಹೋಲ್ ಒಂದನ್ನೇ ನೋಡಿ. ಪಾರ್ ನಾಲ್ಕು, ಅಂದರೆ ನಾಲ್ಕು ಹೊಡೆತದಲ್ಲಿ ಮುಗಿಯಬೇಕು; ಪೂರ್ತಿ ಏರು. ನೀಲಿಯಿಂದ 405 ಗಜ. ಏರಿನಲ್ಲಿ ನನ್ನ ಡ್ರೈವ್ 190ಕ್ಕೆ ನಿಲ್ಲುತ್ತೆ, ಇನ್ನೂ 215 ಉಳಿಯುತ್ತೆ. ದೂರದ ಹೊಡೆತದ ಕ್ಲಬ್ಬು ತ್ರೀ ವುಡ್ ತೆಗೆದು ಜೋರಾಗಿ ಬೀಸಿದರೆ ಚೆಂಡು ಬಲಗಡೆ ಬೇಲಿ ದಾಟಿ ತೋಟಕ್ಕೆ. ಅದು ಔಟ್ ಆಫ್ ಬೌಂಡ್ಸ್, ಕೋರ್ಸಿನ ಗಡಿಯಾಚೆ. ಒಂದು ಪೆನಾಲ್ಟಿ ಸೇರಿಸಿಕೊಂಡು ಮೊದಲು ಹೊಡೆದ ಜಾಗದಿಂದಲೇ ಮತ್ತೆ ಹೊಡೀಬೇಕು. ನಾಲ್ಕು ರೌಂಡಿನಲ್ಲಿ ಮೂರು ಚೆಂಡು ಆ ಬೇಲಿಯಾಚೆ ಹೋದವು. ಬಿಳಿಯಿಂದ 365. ಎರಡನೇ ಹೊಡೆತ ಗ್ರೀನ್ (ಗುಳಿ ಇರುವ ನುಣುಪು ಹುಲ್ಲಿನ ಜಾಗ) ಮುಟ್ಟಲ್ಲ, ಆದರೆ ಹತ್ತಿರ ಬೀಳುತ್ತೆ, ಒಂದು ಚಿಪ್, ಅಂದರೆ ಸಣ್ಣ ಹೊಡೆತ ಸಾಕು. ಕೆಂಪಿನಿಂದ 310. ಹತ್ತಿರದ ಹೊಡೆತದ ಕ್ಲಬ್ಬು ನೈನ್ ಐರನ್ ಕೈಗೆ ಬಂತು. ಆಗಲೇ ಗೊತ್ತಾಗಿದ್ದು, ಗ್ರೀನ್ ಎಡಕ್ಕೆ ಒಂದು ಆಳದ ಬಂಕರ್, ಮರಳಿನ ಗುಂಡಿ, ಇದೆ ಅಂತ! ಇತ್ತು, ಕಣ್ಣಿಗೂ ಬಿದ್ದಿತ್ತು, ಆದರೆ ಆರು ವರ್ಷದಲ್ಲಿ ಅದು ನನಗೆ ಒಂದು ಸಲವೂ ಅಡ್ಡ ಬಂದಿರಲಿಲ್ಲ. ಎರಡನೇ ಹೊಡೆತದಲ್ಲಿ ಗ್ರೀನ್‌ಗೆ ಗುರಿ ಇಡುವವನಿಗಾಗಿ ತೋಡಿದ ಬಂಕರ್ ಅದು. ನೀಲಿಯಲ್ಲಿ ನಿಂತ ನಾನು ಆ ಪರೀಕ್ಷೆಗೇ ಕೂತಿರಲಿಲ್ಲ.

ಹಾಗಂತ ಕೆಂಪು ಎಲ್ಲಾ ಕಡೆ ಸುಲಭ ಅಲ್ಲ. ಏಳನೇ ಹೋಲ್ ಬಲಕ್ಕೆ ತಿರುಗುತ್ತೆ. ಬಿಳಿಯಿಂದ ನನ್ನ ಡ್ರೈವ್ ಸರಿಯಾಗಿ ತಿರುವಿನಲ್ಲಿ ಬೀಳುತ್ತೆ. ಕೆಂಪಿನಿಂದ ಅದೇ ಡ್ರೈವ್ ತಿರುವು ದಾಟಿ ಸಿಲ್ವರ್ ಓಕ್ ಸಾಲಿನೊಳಗೆ ಓಡುತ್ತೆ. ಅಲ್ಲಿ ಡ್ರೈವರ್‌ಗಿಂತ ಕಮ್ಮಿ ದೂರ ಹೋಗುವ ಹೈಬ್ರಿಡ್ ತೆಗೀಬೇಕು, ಅಂದರೆ ಮೊದಲೇ ಯೋಚನೆ ಮಾಡಬೇಕು. ನನಗೆ ಅದು ಎರಡು ಸಲ ತಪ್ಪಿತು.

ಸರಾಸರಿ ಸ್ಕೋರ್: ನೀಲಿ 104, ಬಿಳಿ 94, ಕೆಂಪು 87. ನೀಲಿಯ ರೌಂಡ್ ಐದು ಗಂಟೆ ಹಿಡಿಯಿತು. ಹಿಂದಿನವರು ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದನ್ನು ಹೇಳೋದು ಬೇಡ.

ಬರೀ ಸ್ಕೋರ್ ನೋಡಿ ತೀರ್ಪು ಕೊಟ್ಟರೆ ನ್ಯಾಯ ಅಲ್ಲ ಅಲ್ವಾ? ಅದಕ್ಕೇ ಕೋರ್ಸ್ ರೇಟಿಂಗ್, ಸ್ಲೋಪ್ ರೇಟಿಂಗ್ ಇರೋದು. ನಮ್ಮ ಕಡೆ ಸ್ಲೋಪ್ ಅಂದರೆ ಗುಡ್ಡದ ಇಳಿಜಾರು ಅಂದುಕೊಳ್ಳುವವರೇ ಜಾಸ್ತಿ. ನಾನೂ ಅಂದುಕೊಂಡಿದ್ದೆ. ಕೋರ್ಸ್ ರೇಟಿಂಗ್ ಹೇಳೋದು ಸ್ಕ್ರ್ಯಾಚ್ ಆಟಗಾರನಿಗೆ (ಹ್ಯಾಂಡಿಕ್ಯಾಪ್ ಸೊನ್ನೆ ಇರುವವನಿಗೆ) ಆ ಟೀಯಿಂದ ಎಷ್ಟಾಗಬೇಕು ಅಂತ. ಸ್ಲೋಪ್ ಹೇಳೋದು ಅವನಿಗಿಂತ ನನ್ನಂಥ ಬೋಗಿ ಆಟಗಾರ (ಹೋಲ್‌ಗೆ ಪಾರ್‌ಗಿಂತ ಸುಮಾರು ಒಂದು ಹೊಡೆತ ಜಾಸ್ತಿ ಮಾಡುವವನು) ಎಷ್ಟು ಜಾಸ್ತಿ ಒದ್ದಾಡುತ್ತಾನೆ ಅಂತ. 55ರಿಂದ 155ರವರೆಗೆ ಇರುತ್ತೆ, 113 ಅಂದರೆ ಸಾಧಾರಣ. ಸ್ಕ್ರ್ಯಾಚ್ ಗಂಡಸು 250 ಗಜ ಹೊಡೆಯುತ್ತಾನೆ, ಬೋಗಿಯವನು 200 ಅಂತ ಇಟ್ಟುಕೊಂಡು ಅಳೆಯುತ್ತಾರೆ. ಹೆಂಗಸರಿಗೆ ಅದೇ ಟೀಯಿಂದ ಬೇರೆ ಅಳತೆ, ಬೇರೆ ರೇಟಿಂಗ್. ಅದಕ್ಕೇ ಕೆಂಪನ್ನು 'ಲೇಡೀಸ್ ಟೀ' ಅನ್ನೋದು ಸುಮ್ನೆ ಮಾತು.

ಲೆಕ್ಕ ಇಷ್ಟೇ: ಇಂಡೆಕ್ಸನ್ನು ಸ್ಲೋಪ್‌ನಿಂದ ಗುಣಿಸಿ 113ರಿಂದ ಭಾಗಿಸಿ, ಅದಕ್ಕೆ ಕೋರ್ಸ್ ರೇಟಿಂಗ್‌ನಲ್ಲಿ ಪಾರ್ ಕಳೆದದ್ದನ್ನು ಸೇರಿಸಿ. ಪಾರ್ 72. ನೀಲಿಗೆ ರೇಟಿಂಗ್ 72, ಸ್ಲೋಪ್ 130 ಇದ್ದರೆ ನನಗೆ ಪಾರ್ ಮೇಲೆ 21 ಹೊಡೆತದ ರಿಯಾಯಿತಿ ಸಿಗುತ್ತೆ. ಕೆಂಪಿಗೆ 67, 113 ಇದ್ದರೆ 13. ಎರಡರ ನಡುವೆ 8 ಹೊಡೆತದ ವ್ಯತ್ಯಾಸ ನ್ಯಾಯವಾದದ್ದು. ನನಗಾದದ್ದು 17. ಅದರಲ್ಲಿ ಎಂಟು ಹೊಡೆತ ಕೋರ್ಸಿನ ಲೆಕ್ಕಕ್ಕೆ ಹೋಗಲಿ. ಉಳಿದ ಒಂಬತ್ತು ನನ್ನ ಜಂಬದ್ದು.

ಮಾವ ಒಂದು ಹಳೇ ಅಳತೆ ಹೇಳಿಕೊಟ್ಟರು. ಫೈವ್ ಐರನ್ ಎಷ್ಟು ದೂರ ಹೋಗುತ್ತೋ ಅದನ್ನು 36ರಿಂದ ಗುಣಿಸು, ಅಷ್ಟು ಉದ್ದದ ಕೋರ್ಸ್ ನಿನಗೆ ಸರಿ. ನನ್ನದು 150 ಗಜ, ಅಂದರೆ 5,400. ನೀಲಿಗೆ ಸಾವಿರ ಗಜ ದೂರ, ಕೆಂಪಿಗೆ ಇನ್ನೂರು. ನನಗೆ ಸ್ವಲ್ಪ ಬೇಜಾರಾಯಿತು, ಸುಳ್ಳು ಹೇಳಲ್ಲ.

ಆದರೂ ಒಣ ಹವೆಯಲ್ಲಿ ನನಗೆ ಬಿಳಿಯೇ ಇಷ್ಟ. ಡಿಸೆಂಬರಿನಲ್ಲಿ ಫೇರ್‌ವೇ (ಟೀಯಿಂದ ಗ್ರೀನ್‌ವರೆಗಿನ ಕತ್ತರಿಸಿದ ಹುಲ್ಲು) ಗಟ್ಟಿ, ಚೆಂಡು ಬಿದ್ದ ಮೇಲೆ ಉರುಳುತ್ತೆ, 5,900 ಅಷ್ಟೊಂದು ಅನ್ನಿಸಲ್ಲ. ಹೈಬ್ರಿಡ್‌ನಿಂದ ನೈನ್ ಐರನ್‌ವರೆಗೆ ಬ್ಯಾಗಿನ ಎಲ್ಲಾ ಕ್ಲಬ್ಬೂ ಕೈಗೆ ಬರುತ್ತೆ. ಕೆಂಪಿನಲ್ಲಿ ಸ್ಕೋರ್ ಚೆಂದ, ಆದರೆ ಉದ್ದದ ಐರನ್‌ಗಳಿಗೆ ಕೆಲಸವೇ ಇರಲ್ಲ.

ಮಳೆಗಾಲದಲ್ಲಿ ಮಾತ್ರ ಮಾತೇ ಬೇಡ. ಚೆಂಡು ಬಿದ್ದಲ್ಲೇ ಹೂತುಕೊಳ್ಳುತ್ತೆ, ಅದೇ ಬಿಳಿ ಟೀ ನೀಲಿಯಷ್ಟು ಉದ್ದ ಆಗುತ್ತೆ. ಸಾಲದ್ದಕ್ಕೆ ಹುಲ್ಲಿನಲ್ಲಿ ಚೆಂಡು ಹುಡುಕುವಾಗ ಜಿಗಣೆ. ಜುಲೈನಲ್ಲಿ ಒಂದು ಸಲ ಕಾಲುಚೀಲ ಬಿಚ್ಚಿದರೆ ಮೂರು ಕಚ್ಚಿಕೊಂಡಿದ್ದವು, ಚೆಂಡು ಸಿಗಲೇ ಇಲ್ಲ.

ಈಗ ಜೂನ್‌ನಿಂದ ಸೆಪ್ಟೆಂಬರ್ ಮಾವನ ಜೊತೆ ಕೆಂಪಿನಲ್ಲಿ. ನೀಲಿಗೆ ವರ್ಷಕ್ಕೊಂದು ಸಲ, ಬೆಂಗಳೂರಿನಿಂದ ಭಾವ ಬಂದಾಗ. ಅವರು ನೀಲಿ ಟೀ ಬಿಟ್ಟು ಆಡಲ್ಲ. ಹೋದ ಸಲ ಅವರ ಸ್ಕೋರ್ 109. "ನಿಮ್ಮ ಕೋರ್ಸ್ ಭಾರೀ ಕಷ್ಟ ಮಾರಾಯಾ" ಅಂದರು. ಮಾವ ನನ್ನ ಮುಖ ನೋಡಿದರು.