ಬಳ್ಳಾರಿಯಷ್ಟು ಜನರಿರುವ ದೇಶದ ಬಾನುಲಿ: ಐಸ್‌ಲ್ಯಾಂಡಿನ ‘ರೂವ್’

ಸಂಜೆ 5.50ಕ್ಕೆ ಬಳ್ಳಾರಿಯ ನಮ್ಮ ಮನೆಯಲ್ಲಿ ಐಸ್‌ಲ್ಯಾಂಡಿನ ರಾಷ್ಟ್ರೀಯ ಪ್ರಸಾರ ಸಂಸ್ಥೆ ‘ರೂವ್’ನ ಮಧ್ಯಾಹ್ನದ ವಾರ್ತೆ ಆರಂಭವಾಗುತ್ತದೆ. ಅಲ್ಲಿ ಆಗ ಗಂಟೆ 12.20. ಬೇಸಿಗೆ, ಚಳಿಗಾಲಗಳಿಗೆ ತಕ್ಕಂತೆ ಗಡಿಯಾರ ತಿದ್ದುವ ಪದ್ಧತಿ ಆ ದೇಶದಲ್ಲಿ ಇಲ್ಲವಾದ್ದರಿಂದ ವರ್ಷವಿಡೀ ಈ ಲೆಕ್ಕ ತಪ್ಪುವುದಿಲ್ಲ. ವಾರ್ತೆಗೆ ಮುನ್ನ ತಮ್ಮ ಭಾಷೆಯ ಒಂದು ಹಾಡನ್ನು ಕೇಳಿಸುವುದು ಅವರ ಬಹುಕಾಲದ ರೂಢಿ. ಆ ಕಾರ್ಯಕ್ರಮದ ಹೆಸರಿನ ಅರ್ಥವೇ ‘ವಾರ್ತೆಗೆ ಮುಂಚಿನ ಕೊನೆಯ ಹಾಡು’. ಭಾಷೆ ತಿಳಿಯದಿದ್ದರೂ ಎರಡು ವರ್ಷಗಳಿಂದ ನಾನು ಈ ಹಾಡಿಗಾಗಿ ಕಾಯುತ್ತಾ ಬಂದಿದ್ದೇನೆ. ಜಾಲತಾಣದಲ್ಲಿ ಬಾನುಲಿಯ ನೇರ ಪ್ರಸಾರ ಕೇಳಲು ಹಣ ಕೊಡಬೇಕಾಗಿಲ್ಲ.

2011ರ ಜನಗಣತಿಯಲ್ಲಿ ಬಳ್ಳಾರಿ ನಗರದ ಜನಸಂಖ್ಯೆ 4 ಲಕ್ಷ 10 ಸಾವಿರ. ಐಸ್‌ಲ್ಯಾಂಡಿನ ಇಡೀ ಜನಸಂಖ್ಯೆ ಸುಮಾರು 3.9 ಲಕ್ಷ. ಕೋಟೆ ಗುಡ್ಡದ ಮೇಲೆ ನಿಂತು ನೋಡಿದರೆ ಕಣ್ಣಿಗೆ ಬೀಳುವ ಊರಿನಷ್ಟು ಜನ ಸೇರಿಕೊಂಡು ‘ರೌಸ್ 1’, ‘ರೌಸ್ 2’ ಎಂಬ ಎರಡು ಬಾನುಲಿ ವಾಹಿನಿಗಳನ್ನೂ ದೂರದರ್ಶನವನ್ನೂ ತಮ್ಮದೇ ಭಾಷೆಯಲ್ಲಿ ನಡೆಸುತ್ತಿದ್ದಾರೆ ಎಂಬುದೇ ಈ ಸೇವೆಯನ್ನು ನಾನು ಮೆಚ್ಚಲು ಮೊದಲ ಕಾರಣ. ಜಾಹೀರಾತುಗಳಿಂದಲೂ ಆದಾಯವಿದೆಯಾದರೂ ಹೆಚ್ಚಿನ ಹಣ ಬರುವುದು 16ರಿಂದ 70 ವರ್ಷದೊಳಗಿನ ತೆರಿಗೆದಾರರು ಮತ್ತು ಕಂಪನಿಗಳು ವರ್ಷಕ್ಕೊಮ್ಮೆ ಸಲ್ಲಿಸುವ ನಿಗದಿತ ಶುಲ್ಕದಿಂದ. ಆದಾಯ ತೀರಾ ಕಡಿಮೆ ಇರುವವರಿಗೆ ವಿನಾಯಿತಿ ಇದೆ.

ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದದ್ದು ಅವರ ನುಡಿಯ ಎಚ್ಚರವನ್ನು. 1930ರ ಡಿಸೆಂಬರ್ 20ರಂದು ರೂವ್ ಪ್ರಸಾರ ಆರಂಭವಾದಾಗ ಅವರು ‘ರೇಡಿಯೊ’ ಎಂಬ ಪದಕ್ಕೆ ಅಂಟಿಕೊಳ್ಳದೆ, ‘ಹೊರಕ್ಕೆ ಎಸೆಯುವುದು’ ಎಂಬರ್ಥದ ‘ಊಟ್‌ವರ್ಪ್’ ಎಂಬ ಪದವನ್ನು ಬಳಸಿದರು. ಮುಂದೆ ದೂರದರ್ಶನ ಬಂದಾಗ ಅದೇ ಅಚ್ಚಿನಲ್ಲಿ ‘ನೋಟದ ಎಸೆತ’ ಎಂಬರ್ಥದ ಪದ ಹುಟ್ಟಿತು. ಕಂಪ್ಯೂಟರಿಗೆ ಅವರಿಟ್ಟ ಹೆಸರಿನಲ್ಲಿ ಎಣಿಕೆ, ಕಣಿ ಹೇಳುವವಳು ಎಂಬ ಎರಡು ಪದಗಳು ಕೂಡಿಕೊಂಡಿವೆ. ನಮ್ಮಲ್ಲಿಯೂ ಇಂಥ ಹಂಬಲ ಇರಲಿಲ್ಲವೆಂದಲ್ಲ: 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಆರಂಭಿಸಿದ ಕೇಂದ್ರದಿಂದಲೇ ‘ಆಕಾಶವಾಣಿ’ ಎಂಬ ಹೆಸರು ದೇಶಕ್ಕೆಲ್ಲ ಹಬ್ಬಿತು, ‘ಬಾನುಲಿ’ ಎಂಬ ಚೆಂದದ ಮಾತೂ ನಮ್ಮಲ್ಲಿದೆ. ಆದರೆ ರೂವ್ ಸಂಸ್ಥೆಯಲ್ಲಿ ಭಾಷಾ ಸಲಹೆಗಾರರ ಹುದ್ದೆಯೇ ಇದೆ. ವಾರ್ತೆ ಓದುವವರ ನುಡಿ ತಪ್ಪದಂತೆ ನೋಡಿಕೊಳ್ಳುವುದು ಆ ಹುದ್ದೆಯ ಕೆಲಸ. ತೆಲುಗು, ಉರ್ದು, ಕನ್ನಡ ಒಂದೇ ಬೀದಿಯಲ್ಲಿ ಕೇಳಿಸುವ ನಮ್ಮ ಗಡಿನಾಡಿನಲ್ಲಿ ಒಂದು ಪ್ರಸಾರ ಕೇಂದ್ರದ ಕನ್ನಡ ಎಷ್ಟು ಮುಖ್ಯವೆಂಬುದನ್ನು ಹೊಸಪೇಟೆ ಆಕಾಶವಾಣಿಯನ್ನು ಕೇಳುತ್ತ ಬಂದವರಿಗೆ ವಿವರಿಸಬೇಕಾಗಿಲ್ಲ.

ದೂರದರ್ಶನ ಆರಂಭವಾದದ್ದು 1966ರ ಸೆಪ್ಟೆಂಬರ್ 30ರಂದು. 1987ರವರೆಗೆ ಗುರುವಾರಗಳಂದು ಅದಕ್ಕೆ ಬಿಡುವಿತ್ತು. 1983ರವರೆಗೆ ಇಡೀ ಜುಲೈ ತಿಂಗಳು ಪ್ರಸಾರವೇ ಇರುತ್ತಿರಲಿಲ್ಲ. ಇಂದು ಅದರ ಹಲವು ಕಾರ್ಯಕ್ರಮಗಳು ಪ್ರಸಾರ ಹಕ್ಕಿನ ಕಾರಣದಿಂದ ಐಸ್‌ಲ್ಯಾಂಡಿನ ಹೊರಗೆ ತೆರೆದುಕೊಳ್ಳುವುದಿಲ್ಲ. ಆದ್ದರಿಂದ ಇಲ್ಲಿಂದ ನೋಡಬಯಸುವವರಿಗಿಂತ ಕೇಳಬಯಸುವವರಿಗೆ ಈ ಸೇವೆ ಹೆಚ್ಚು ದಕ್ಕುತ್ತದೆ. ಇಂಗ್ಲಿಷ್ ಮತ್ತು ಪೋಲಿಷ್ ಭಾಷೆಗಳಲ್ಲಿಯೂ ಜಾಲತಾಣದಲ್ಲಿ ಸುದ್ದಿಗಳಿವೆ. ಇಂಗ್ಲಿಷಿನ ಭಾಗ ಇನ್ನಷ್ಟು ವಿಸ್ತಾರವಾಗಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ 2023ರ ನವೆಂಬರಿನಲ್ಲಿ ಜ್ವಾಲಾಮುಖಿಯ ಭೀತಿಯಿಂದ ಗ್ರಿಂಡವೀಕ್ ಪಟ್ಟಣವನ್ನೇ ತೆರವು ಮಾಡಿಸಿದಂಥ ಸಂದರ್ಭಗಳಲ್ಲಿ, ಐಸ್‌ಲ್ಯಾಂಡಿಕ್ ಓದಲು ಬಾರದ ನಿವಾಸಿಗಳಿಗೆ ಆ ಪುಟಗಳು ಎಂಥ ಆಸರೆ ಎಂಬುದನ್ನು ಊಹಿಸಬಹುದು.

ರೌಸ್ 1ರಲ್ಲಿ ಕಡಲಿನ ಹವಾಮಾನ ವರದಿ ಇಂದಿಗೂ ಬರುತ್ತದೆ. ಈಸ್ಟರಿಗೆ ಮುಂಚಿನ ಉಪವಾಸದ ವಾರಗಳಲ್ಲಿ ಹದಿನೇಳನೆಯ ಶತಮಾನದ ಕವಿ ಹಾಲ್‌ಗ್ರಿಮುರ್ ಪೇತುರ್ಸೋನ್ ಅವರ ಐವತ್ತು ಭಕ್ತಿಗೀತೆಗಳನ್ನು ಒಂದೊಂದಾಗಿ ವಾಚಿಸುವ ಸಂಪ್ರದಾಯ 1944ರಿಂದ ನಡೆದುಬಂದಿದೆ. ತೀರಿಕೊಂಡವರ ಹೆಸರುಗಳನ್ನೂ ಅಂತ್ಯಸಂಸ್ಕಾರದ ವಿವರವನ್ನೂ ಅದೇ ಬಾನುಲಿ ಓದಿ ಹೇಳುತ್ತದೆ. ಅಲ್ಲಿ ಹೆಚ್ಚಿನವರಿಗೆ ಮನೆತನದ ಹೆಸರಿಲ್ಲ. ತಂದೆಯ ಅಥವಾ ತಾಯಿಯ ಹೆಸರಿಗೆ ಮಗನಾದರೆ ‘ಸೋನ್’, ಮಗಳಾದರೆ ‘ದೋತ್ತಿರ್’ ಸೇರುತ್ತದೆ. ಆ ವಾಚನದಲ್ಲಿ ನನಗೆ ಅರ್ಥವಾಗುವುದು ಆ ಎರಡು ಪದಗಳು ಮಾತ್ರ. ಅವು ಕಿವಿಗೆ ಬಿದ್ದಾಗ ಮನೆಯಲ್ಲಿ ಯಾರೂ ಮಾತನಾಡುವುದಿಲ್ಲ.