ರೀಮ್ಯಾಪ್ ಮಾಡಿಸುವವರೇ, ಕಳಚಿದ ಭಾಗವನ್ನೂ ಮೂಲ ಫೈಲನ್ನೂ ಕೈಗೆ ಪಡೆಯದೆ ಗ್ಯಾರೇಜಿನಿಂದ ಹೊರಡಬೇಡಿ

ಮೂರು ತಿಂಗಳ ಹಿಂದೆ ಬನಶಂಕರಿಯ ಒಂದು ಪೆಟ್ರೋಲ್ ಬಂಕಿನಲ್ಲಿ ನನ್ನ ಕಾರು ಎಮಿಷನ್ ಟೆಸ್ಟ್‌ನಲ್ಲಿ ಫೇಲಾಯಿತು. ಫೇಲಾಗುವುದು ಅಂಥ ದೊಡ್ಡ ವಿಷಯವೇನಲ್ಲ, ಏರ್ ಫಿಲ್ಟರ್ ಕಟ್ಟಿಕೊಂಡಿದ್ದರೂ ಡೀಸೆಲ್ ಗಾಡಿ ಫೇಲಾಗುತ್ತದೆ. ಆದರೆ ಅದನ್ನು ಪಾಸು ಮಾಡಿಸಲು ಓಡಾಡಿದ ಈ ಮೂರು ತಿಂಗಳಲ್ಲಿ, ಎರಡು ವರ್ಷದ ಹಿಂದೆ ಕಾರಿಗೆ ರೀಮ್ಯಾಪ್ (ಪಿಕಪ್ ಹೆಚ್ಚಲೆಂದು ಎಂಜಿನ್ನಿನ ಕಂಪ್ಯೂಟರಿನ ಫೈಲನ್ನು ತಿದ್ದುವ ಕೆಲಸ) ಮಾಡಿಕೊಟ್ಟ ಗ್ಯಾರೇಜಿನವರು ನನ್ನನ್ನು ಒಂದು ಸಲವಲ್ಲ, ಮೂರು ಸಲ ಮೂರ್ಖನನ್ನಾಗಿ ಮಾಡಿದ್ದರೆಂಬುದು ಒಂದೊಂದಾಗಿ ತಿಳಿಯುತ್ತ ಹೋಯಿತು. ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಕಳೆದ ವಾರ ಆ ದಾರಿಯಲ್ಲಿ ಹೋಗುವಾಗ ಅದೇ ಗ್ಯಾರೇಜಿನ ಮುಂದೆ ನಾಲ್ಕು ಕಾರುಗಳು ಸಾಲಾಗಿ ನಿಂತಿದ್ದವು. ಹೆಸರನ್ನು ಬರೆಯುವ ಧೈರ್ಯ ನನಗಿಲ್ಲ, ಅದರ ಕಾರಣ ಮುಂದೆ ಬರುತ್ತದೆ.

ಕಾರು 2014ರ ಸ್ವಿಫ್ಟ್ ಡೀಸೆಲ್, ಬಿಎಸ್ 4 (ಭಾರತ್ ಸ್ಟೇಜ್ ಎಂಬ ಹೊಗೆ ನಿಯಮಗಳ ನಾಲ್ಕನೆಯ ಹಂತ) ಮಾದರಿ, 1.3 ಲೀಟರಿನ 75 ಕುದುರೆ ಶಕ್ತಿಯ ಎಂಜಿನ್. ಈ ಎಂಜಿನ್ ಓಡಿಸಿದವರಿಗೆಲ್ಲ ಗೊತ್ತಿರುವಂತೆ, ಆರ್‌ಪಿಎಂ 2000ದ ಹತ್ತಿರ ಬಂದು ಟರ್ಬೊ ಕಣ್ಣು ಬಿಡುವ ತನಕ ಅದು ತೂಕಡಿಸುತ್ತಲೇ ಇರುತ್ತದೆ. ಸಿಲ್ಕ್ ಬೋರ್ಡಿನ ಜಾಮಿನಲ್ಲಿ ಎರಡನೆಯ ಗೇರಿನಲ್ಲಿ ತೆವಳುತ್ತ, ಮುಂದಿನ ಬಸ್ಸು ಬಿಟ್ಟ ಜಾಗಕ್ಕೆ ನುಗ್ಗಲಾರದೆ, ಹಿಂದಿನವರ ಹಾರ್ನ್ ಕೇಳಿ ಕೇಳಿ ಸಾಕಾಗಿದ್ದ ನನಗೆ, ಆಯುಧಪೂಜೆಯ ಹೊತ್ತಿಗೆ ಫೋನಿಗೆ ಬಂದ ‘ರೀಮ್ಯಾಪ್, ಡೌನ್‌ಪೈಪ್ ಸೇರಿ 28,000 ಮಾತ್ರ’ ಎಂಬ ಜಾಹೀರಾತು ಸರಿಯಾಗಿ ನಾಟಿತು. ಗೆಳೆಯನೊಬ್ಬ ಅಲ್ಲಿಯೇ ಮಾಡಿಸಿದ್ದ. ಅಷ್ಟು ಸಾಕಾಯಿತು.

ಎಂಜಿನ್ನನ್ನು ನಡೆಸುವ ಕಂಪ್ಯೂಟರ್, ಅಂದರೆ ಇಸಿಯುನಲ್ಲಿದ್ದ ಕಂಪನಿಯ ಫೈಲನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಡೀಸೆಲ್ ಪ್ರಮಾಣವನ್ನೂ ಟರ್ಬೊ ಒತ್ತಡವನ್ನೂ ಏರಿಸಿದ ಫೈಲನ್ನು ತುಂಬಿದರು. ಟರ್ಬೊಗೆ ಅಂಟಿಕೊಂಡಂತೆ ಕೂತು ಹೊಗೆಯ ವಿಷವನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಬಿಚ್ಚಿ ಆ ಜಾಗಕ್ಕೆ ಬರೀ ಪೈಪು ಹಾಕಿದರು, ಜಾಹೀರಾತಿನ ಡೌನ್‌ಪೈಪ್ ಅದೇ. ಹೊಗೆಯನ್ನು ಎಂಜಿನ್ನಿಗೆ ವಾಪಸು ಕಳಿಸುವ ಇಜಿಆರ್ ದಾರಿಗೆ ಒಂದು ತಗಡಿನ ಬಿಲ್ಲೆ ಇಟ್ಟು ಮುಚ್ಚಿದರು. ಎಮಿಷನ್ ಟೆಸ್ಟಿನ ಗತಿಯೇನು ಎಂದು ನಾನು ಅಂದೇ ಕೇಳಿದ್ದೆ. ಕೇಳಲಿಲ್ಲ ಎಂದು ಯಾರೂ ಅನ್ನಬಾರದು. ಮಾಲೀಕರು ನಕ್ಕು, “ಏನೂ ಆಗಲ್ಲ ಸಾರ್. ಇಜಿಆರ್ ಮುಚ್ಚಿದ್ಮೇಲೆ ಹೊಗೆ ಇನ್ನೂ ಕಮ್ಮಿನೇ ಆಗೋದು. ನಮ್ಮ ಗಾಡಿ ಇವತ್ತಿನವರೆಗೂ ಒಂದೂ ಫೇಲಾಗಿಲ್ಲ” ಎಂದರು.

ಈ ಮಾತಿನಲ್ಲಿ ಅರ್ಧ ಸತ್ಯವಿತ್ತು, ನಾನು ಸಿಕ್ಕಿಬಿದ್ದದ್ದೂ ಆ ಅರ್ಧ ಸತ್ಯಕ್ಕೇ. ಇಜಿಆರ್ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸಿ ದಹನದ ಶಾಖವನ್ನು ತಗ್ಗಿಸುತ್ತದೆ, ಅದರಿಂದ ನೈಟ್ರೋಜನ್ ಆಕ್ಸೈಡುಗಳು ಕಡಿಮೆಯಾಗುತ್ತವೆ, ಮಸಿ ಸ್ವಲ್ಪ ಹೆಚ್ಚುತ್ತದೆ. ಅದನ್ನು ಮುಚ್ಚಿದರೆ ಮಸಿ ಇಳಿದು ನೈಟ್ರೋಜನ್ ಆಕ್ಸೈಡುಗಳು ಏರುತ್ತವೆ. ನಮ್ಮ ಬಂಕುಗಳಲ್ಲಿ ಡೀಸೆಲ್ ಗಾಡಿಗೆ ಅಳೆಯುವುದು ಹೊಗೆಯ ಸಾಂದ್ರತೆಯನ್ನು ಮಾತ್ರ, ಹೀಗಾಗಿ ಆ ಏರಿಕೆ ಯಾವ ಚೀಟಿಯಲ್ಲೂ ಕಾಣುವುದಿಲ್ಲ. ಆದರೆ ರೀಮ್ಯಾಪಿನಲ್ಲಿ ಸುರಿದ ಹೆಚ್ಚಿನ ಡೀಸೆಲ್ ಪೂರ್ತಿ ಉರಿಯಲು ಸಾಕಷ್ಟು ಗಾಳಿ ಸಿಗದೆ ಕಪ್ಪು ಹೊಗೆಯಾಗುವುದನ್ನು ಯಾವ ಬಿಲ್ಲೆಯೂ ತಡೆಯುವುದಿಲ್ಲ. ಇದನ್ನೆಲ್ಲ ನಾನು ಈಗ ಹೇಳುತ್ತಿದ್ದೇನೆ. ಆಗ ತಲೆಯಲ್ಲಿದ್ದದ್ದು ಪಿಕಪ್ ಒಂದೇ. ಆರು ತಿಂಗಳಿಗೆ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನನ್ನ ಕಾರಿನ ಹಿಂದಿನ ಗೋಡೆಯ ಮೇಲೆ ತಟ್ಟೆಯಗಲದ ಮಸಿಯ ಗುರುತು ಮೂಡಿದಾಗ, ವಾಚ್‌ಮನ್ ಎರಡು ಸಲ ಒರೆಸಿ, ಮೂರನೆಯ ಸಲ ಒರೆಸುವ ಬಟ್ಟೆಯನ್ನು ನನ್ನ ಕೈಗೇ ಕೊಟ್ಟರು.

ಕಳೆದ ವರ್ಷ ಎಮಿಷನ್ ಸರ್ಟಿಫಿಕೇಟಿನ ಅವಧಿ ಮುಗಿಯುವಾಗ ಕಾರು ಸರ್ವಿಸಿಗೆಂದು ಅದೇ ಗ್ಯಾರೇಜಿನಲ್ಲಿತ್ತು. “ನಾವೇ ಮಾಡಿಸಿಡ್ತೀವಿ ಬಿಡಿ ಸಾರ್, ಓಟಿಪಿ ಬಂದ್ರೆ ಹೇಳಿ ಸಾಕು” ಎಂದರು. ಸಂಜೆ ಸರ್ಟಿಫಿಕೇಟ್ ಬಂತು, ಅದರಲ್ಲಿದ್ದ ಹೊಗೆಯ ಸಾಂದ್ರತೆಯ ಸಂಖ್ಯೆ 0.8. ಬಿಎಸ್ 4 ಡೀಸೆಲ್‌ಗೆ ಮಿತಿ 1.62. ರೀಮ್ಯಾಪ್ ಆದರೂ ಮಿತಿಯ ಅರ್ಧದಷ್ಟು ಹೊಗೆ ಎಂದು ನಾನು ಆ ಕಾಗದವನ್ನು ನನ್ನ ಭಾವನಿಗೆ ತೋರಿಸಿ ಜಂಬ ಕೊಚ್ಚಿಕೊಂಡಿದ್ದೆ.

ಈ ವರ್ಷ ನಾನೇ ಬಂಕಿಗೆ ಹೋದೆ. 160 ರೂಪಾಯಿ ಕೊಟ್ಟೆ. ಹುಡುಗ ಸೈಲೆನ್ಸರಿಗೆ ನಳಿಕೆ ತೂರಿಸಿ, ಆಕ್ಸಿಲರೇಟರನ್ನು ಪೂರ್ತಿ ತುಳಿದು ಬಿಡಲು ಹೇಳಿದ. ಮೊದಲ ತುಳಿತಕ್ಕೇ ಹಿಂದಿನ ಸ್ಕೂಟರಿನವರು ಮೂಗಿಗೆ ಕರ್ಚೀಫು ಹಿಡಿದರು. ನಾಲ್ಕೈದು ಸಲ ತುಳಿಸಿದ ಮೇಲೆ ಪರದೆಯಲ್ಲಿ ನಿಂತ ಸಂಖ್ಯೆ 3.1. ಹೊಗೆಯನ್ನು ನೂರಕ್ಕೆ ಇಷ್ಟೆಂದು ಅಳೆಯುವ ಹಳೆಯ ಹಾರ್ಟ್ರಿಜ್ ಲೆಕ್ಕದಲ್ಲಿ ಹೇಳುವುದಾದರೆ 50 ಇರಬೇಕಾದಲ್ಲಿ 74. ಬಿಎಸ್ 4ಕ್ಕಿಂತ ಹಳೆಯ ಗಾಡಿಗಳಿಗಿರುವ 2.45ರ ಮಿತಿಯನ್ನೂ ಅದು ದಾಟಿತ್ತು. ಹುಡುಗ ಕಳೆದ ವರ್ಷದ ಸರ್ಟಿಫಿಕೇಟನ್ನು ನೋಡಿ, ಅದರಲ್ಲಿದ್ದ ನಂಬರ್ ಪ್ಲೇಟಿನ ಫೋಟೋವನ್ನು ಬೆರಳಿನಿಂದ ದೊಡ್ಡದು ಮಾಡಿ, “ಇದು ಎಲ್ಲಿ ತೆಗ್ದಿದ್ದು ಸಾರ್?” ಎಂದು ಕೇಳಿದ. ನಾನೂ ಬಗ್ಗಿ ನೋಡಿದೆ. ಬಂಪರಿನ ಹಿಂದೆ ಒಂದು ನೀಲಿ ಷಟರ್, ಷಟರಿನ ಕೆಳಗೆ ಜ್ಯಾಕ್ ಮೇಲೆ ಎತ್ತಿಟ್ಟ ಬೇರೆ ಕಾರಿನ ಚಕ್ರ. ಅದು ಗ್ಯಾರೇಜಿನ ಒಳಗೆ ತೆಗೆದ ಫೋಟೋ. ನನ್ನ ಕಾರು ಯಾವ ಎಮಿಷನ್ ಸೆಂಟರಿಗೂ ಹೋಗಿರಲೇ ಇಲ್ಲ! ಫೋಟೋ ನನ್ನ ಕಾರಿನದು, ಹೊಗೆ ಇನ್ನಾವುದೋ ಪುಣ್ಯಾತ್ಮನ ಗಾಡಿಯದು. ಒಂದು ವರ್ಷ ಆ ಸುಳ್ಳು ಕಾಗದವನ್ನು ಗ್ಲೋವ್ ಬಾಕ್ಸಿನಲ್ಲಿ ಮಡಿಚಿಟ್ಟುಕೊಂಡು, ಅದನ್ನೇ ತೋರಿಸಿ ಜಂಬಪಟ್ಟಿದ್ದೆ. ಆ ಹುಡುಗನ ಮುಖ ನೋಡಲಾಗದೆ ಅಲ್ಲಿಂದ ಹೊರಟೆ.

ನೇರ ಗ್ಯಾರೇಜಿಗೆ ಹೋದೆ. ಸರ್ಟಿಫಿಕೇಟಿನ ಬಗ್ಗೆ ಕೇಳಿದರೆ, “ಅದು ಹೊರಗಿನವ್ರು ಮಾಡೋದು ಸಾರ್, ನಮಗೇನ್ ಗೊತ್ತು? ಈ ಸಲಾನೂ ಬೇಕಂದ್ರೆ ಗಾಡಿ ತರೋದೇ ಬೇಡ, ಫೋಟೋ ಕಳ್ಸಿ, 800 ಕೊಡಿ” ಎಂದರು. ನಾನು ಬೇಡವೆಂದೆ. ಆಗ ಅವರು ಧಾಟಿ ಬದಲಿಸಿ, ತಪ್ಪು ರೀಮ್ಯಾಪಿನದಲ್ಲ, ಇಂಜೆಕ್ಟರುಗಳು ಸೋರುತ್ತಿವೆ, ಬಿಚ್ಚಿ ಟೆಸ್ಟ್ ಬೆಂಚಿಗೆ ಕಳಿಸಬೇಕು ಎಂದರು. 14,500 ರೂಪಾಯಿ ಕೊಟ್ಟೆ. ಯಾಕೆ ಕೊಟ್ಟೆ ಎಂದು ಕೇಳಬೇಡಿ, ಮನೆಯಲ್ಲಿ ಅದನ್ನೇ ಕೇಳಿದರು. ಮತ್ತೆ ಬಂಕಿಗೆ ಹೋದರೆ 2.9.

ಹಾಗಾದರೆ ಕಂಪನಿಯ ಫೈಲನ್ನೇ ವಾಪಸು ಹಾಕಿ, ನನಗೆ ಯಾವ ಪಿಕಪ್ಪೂ ಬೇಡ ಎಂದೆ. ಅದಕ್ಕೆ ಬೇರೆ 4,000. ಮಾಲೀಕರು ಸಲೀಸಾಗಿ ಒಪ್ಪಿಕೊಂಡರು. ಅವರು ಫೋನಿನಲ್ಲಿ ಮಾತಾಡುತ್ತ ಹೊರಗೆ ಹೋದಾಗ, ಲ್ಯಾಪ್‌ಟಾಪಿನ ಮುಂದೆ ಕೂತಿದ್ದ ಕೆಲಸದ ಹುಡುಗ ನಾನಿರುವುದನ್ನು ಮರೆತು ಕೂಗಿದ: “ಅಣ್ಣಾ, ಈ ಗಾಡಿದು ಹಳೇ ಲ್ಯಾಪ್‌ಟಾಪಲ್ಲಿತ್ತು, ಅದು ಫಾರ್ಮ್ಯಾಟ್ ಆಯ್ತಲ್ಲ?” ಮಾಲೀಕರು ಬಾಗಿಲಿನಿಂದಲೇ ಅವನನ್ನು ದುರುಗುಟ್ಟಿ ನೋಡಿ, ನನ್ನ ಕಡೆ ತಿರುಗಿ, “ಬ್ಯಾಕಪ್ ಇದೆ ಸಾರ್, ನೀವು ಟೀ ಕುಡಿದು ಬನ್ನಿ” ಎಂದರು. ನಾನು ಎದ್ದು ಟೀ ಕುಡಿಯಲು ಹೋದೆ. ಬೈಟು ಟೀ ಕುಡಿದು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಆ ಹುಡುಗನ ಮಾತು ಕಿವಿಗೆ ಬಿದ್ದ ಮೇಲೂ ಟೀ ಕುಡಿಯಲು ಹೋದೆನಲ್ಲ, ಅದನ್ನು ನೆನೆದರೆ ಈಗಲೂ ನನ್ನ ಮೇಲೇ ಸಿಟ್ಟು ಬರುತ್ತದೆ.

ಬಂಕಿನಲ್ಲಿ 2.4. ಮತ್ತೆ ಫೇಲು.

ಈ ಸಲ ಬೇರೊಬ್ಬ ಮೆಕ್ಯಾನಿಕ್ ಬಳಿಗೆ ಹೋದೆ. ವಯಸ್ಸಾದವರು, ಮಾತು ಕಡಿಮೆ. ನನ್ನ ಇಸಿಯುನಲ್ಲಿದ್ದ ಫೈಲನ್ನು ಇಳಿಸಿ, ಇದೇ ಮಾದರಿಯ ಮುಟ್ಟದ ಕಾರೊಂದರಿಂದ ತೆಗೆದಿಟ್ಟಿದ್ದ ಕಂಪನಿಯ ಫೈಲನ್ನು ಪಕ್ಕದಲ್ಲಿ ತೆರೆದು ತೋರಿಸಿದರು. ಎರಡು ಫೈಲುಗಳ ಗೆರೆಗಳು ಎಡತುದಿಯಲ್ಲಿ ಒಂದರ ಮೇಲೊಂದು ಕೂತು ಬಂದು, ಮಧ್ಯದಲ್ಲಿ ಬೇರೆಯಾಗಿ, ನನ್ನ ಕಾರಿನ ಗೆರೆ ಗುಡ್ಡದ ಹಾಗೆ ಎದ್ದಿತ್ತು. “ಇದು ಕಂಪನಿ ಫೈಲಲ್ಲ ಸ್ವಾಮಿ. ಅವರದೇ ಫೈಲು, ಡೀಸೆಲ್ ಒಂದಿಷ್ಟು ಇಳಿಸಿದ್ದಾರೆ, ಅಷ್ಟೇ” ಎಂದರು. ಮೂಲ ಫೈಲು ಕಳೆದುಹೋಗಿದೆ ಎಂದು ಒಪ್ಪಿಕೊಳ್ಳಲಾಗದೆ, ಅದೇ ತಿದ್ದಿದ ಫೈಲನ್ನು ಇನ್ನೊಂದು ಸಲ ತಿದ್ದಿ, ಅದಕ್ಕೆ ‘ಸ್ಟಾಕ್’ (ಕಂಪನಿಯ ಮೂಲ ಫೈಲು) ಎಂದು ಹೆಸರಿಟ್ಟು, ನನ್ನಿಂದ 4,000 ಪಡೆದಿದ್ದರು. ಆಮೇಲೆ ಆ ಹಿರಿಯ ಮೆಕ್ಯಾನಿಕ್ ಕೇಳಿದರು: “ಕನ್ವರ್ಟರ್ ಎಲ್ಲಿಟ್ಟಿದ್ದೀರಿ?”

ನಾನು ಇಟ್ಟಿರಲಿಲ್ಲ. ಅಂದು ಬಿಚ್ಚಿದ್ದನ್ನು ಕೇಳಿದ್ದಕ್ಕೆ ಗ್ಯಾರೇಜಿನವರು, “ಅದು ವೇಸ್ಟ್ ಸಾರ್, ಮನೇಲಿ ಇಟ್ಕೊಂಡು ಏನ್ ಮಾಡ್ತೀರಾ, ಗುಜರಿಗೆ ಹಾಕ್ತೀವಿ” ಎಂದಿದ್ದರು, ನಾನು ತಲೆಯಾಡಿಸಿದ್ದೆ. ಆ ಡಬ್ಬಿಯ ಒಳಗಿನ ಜೇನುಗೂಡಿನಂಥ ಇಟ್ಟಿಗೆಗೆ ಪ್ಲಾಟಿನಂ, ಪಲ್ಲೇಡಿಯಂ ಲೇಪ ಇರುತ್ತದೆ, ಅದನ್ನು ತೆಗೆಯುವುದಕ್ಕೆಂದೇ ಹಳೆಯ ಕನ್ವರ್ಟರುಗಳನ್ನು ಒಳ್ಳೆಯ ಬೆಲೆಗೆ ಕೊಳ್ಳುವವರಿದ್ದಾರೆ ಎಂಬುದನ್ನು ಆ ಹಿರಿಯ ಮೆಕ್ಯಾನಿಕ್ ಹೇಳಿದಾಗ ನನಗೆ ಮಾತೇ ಹೊರಡಲಿಲ್ಲ. 28,000 ಕೊಟ್ಟವನೂ ನಾನೇ, ಕಾರಿನಲ್ಲಿದ್ದ ಬೆಲೆಬಾಳುವ ಭಾಗವನ್ನು ಬಿಟ್ಟಿಯಾಗಿ ಬಿಟ್ಟು ಬಂದವನೂ ನಾನೇ. ಆಫರ್ ಅಷ್ಟು ಅಗ್ಗಕ್ಕೆ ಏಕೆ ಕೊಟ್ಟರೆಂದು ಆಗ ಹೊಳೆಯಿತು.

ಕಿಡಿಕಿಡಿಯಾಗಿ ಗ್ಯಾರೇಜಿನ ಮಾಲೀಕರಿಗೆ ಫೋನು ಮಾಡಿ ದೂರು ಕೊಡುತ್ತೇನೆ ಎಂದೆ. ಬಂದ ಉತ್ತರವನ್ನು ಇದ್ದಂತೆ ಬರೆಯುತ್ತೇನೆ: “ಕೊಡಿ ಸಾರ್, ಬೇಜಾರಿಲ್ಲ. ಮೊದಲು ಸೀಜ್ ಮಾಡೋದು ನಿಮ್ಮ ಗಾಡೀನೇ.” ಬೆದರಿಕೆ ಎಂದುಕೊಂಡು ಕಾನೂನು ಓದಿದೆ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಂ ಪ್ರಕಾರ ಹಾಗೆ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಹೊಗೆಯ ಮಿತಿ ಮೀರಿದ ಗಾಡಿಯನ್ನು ರಸ್ತೆಗೆ ತಂದದ್ದಕ್ಕೆ 190ನೆಯ ಕಲಂನಡಿ 10,000ದವರೆಗೆ ದಂಡ ಬೇರೆ. ಅವರ ಮಾತು ನಿಜವಾಗಿತ್ತು, ನನ್ನ ಸಿಟ್ಟಿಗೆ ಹೋಗಲು ದಾರಿಯೇ ಇರಲಿಲ್ಲ. ಗ್ರಾಹಕರ ಆಯೋಗಕ್ಕೆ ಹೋಗೋಣವೆಂದು ಬಿಲ್ಲು ತೆಗೆದರೆ, ಅದರಲ್ಲಿ ರೀಮ್ಯಾಪ್ ಎಂಬ ಪದವೇ ಇಲ್ಲ, ‘ಜನರಲ್ ಸರ್ವಿಸ್, ಲೇಬರ್’ ಎಂದಷ್ಟೇ ಇದೆ. ಇವರ ದಂಧೆ ನಿಂತಿರುವುದೇ ಇದರ ಮೇಲೆ: ಮೋಸಹೋದವನೂ ತಪ್ಪಿತಸ್ಥನೇ ಆಗಿರುವುದರಿಂದ ಬಾಯಿ ಬಿಡಲಾರ. ಇಲ್ಲಿ ಅವರ ಹೆಸರಿಲ್ಲದಿರುವುದಕ್ಕೂ ಅದೇ ಕಾರಣ.

ಕೊನೆಗೆ ಹಿರಿಯ ಮೆಕ್ಯಾನಿಕ್ಕೇ ದಾರಿ ಮಾಡಿದರು. ಇಸಿಯುವಿನ ಮೇಲಿನ ಚೀಟಿಯ ಸಂಖ್ಯೆಗೆ ತಾಳೆಯಾಗುವ ಕಂಪನಿಯ ಫೈಲನ್ನೇ ಹುಡುಕಿ ಹಾಕಲು 6,000, ಹೊಸ ಕನ್ವರ್ಟರಿಗೆ 34,000. ಇಜಿಆರ್ ಬಿಲ್ಲೆಯನ್ನು ಸುಮ್ಮನೆ ಕಿತ್ತುಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಅಷ್ಟು ದಿನ ಕಾರು ಬೇಸ್‌ಮೆಂಟಿನಲ್ಲಿ, ನಾನು ಮೆಟ್ರೊದಲ್ಲಿ. ಅದೇ ಬಂಕಿಗೆ, ಅದೇ ಹುಡುಗನ ಬಳಿಗೆ ಹೋದೆ. 0.9 ಬಂತು. ಇದು ನನ್ನ ಕಾರಿನ ಹೊಗೆಯೇ, ನಳಿಕೆ ಒಳಗಿರುವುದನ್ನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಎಲ್ಲ ಕೂಡಿದರೆ 86,500 ರೂಪಾಯಿ ಸುರಿದು, ಶೋರೂಮಿನಿಂದ ಬಂದ ದಿನ ಇದ್ದ ಸ್ಥಿತಿಗೇ ಕಾರನ್ನು ತಂದಿದ್ದೇನೆ. ಸಿಲ್ಕ್ ಬೋರ್ಡಿನಲ್ಲಿ ಅದು ಮತ್ತೆ ತೂಕಡಿಸುತ್ತದೆ.

ಮಾಡಿಸಲೇಬೇಡಿ ಎಂದು ಹೇಳಿದರೆ ಕೇಳುವವರು ಯಾರೂ ಇಲ್ಲವೆಂದು ಗೊತ್ತು, ನಾನೇ ಕೇಳಿರಲಿಲ್ಲ. ಮಾಡಿಸಿಯೇ ತೀರುತ್ತೇನೆ ಎನ್ನುವವರು ಮೂಲ ಫೈಲನ್ನು ನಿಮ್ಮದೇ ಪೆನ್‌ಡ್ರೈವಿಗೆ ಅಲ್ಲೇ, ನಿಮ್ಮ ಕಣ್ಣೆದುರೇ ಹಾಕಿಸಿಕೊಳ್ಳಿ. ಬಿಚ್ಚಿದ ಕನ್ವರ್ಟರನ್ನು ಡಿಕ್ಕಿಯಲ್ಲಿಟ್ಟು ಮನೆಗೆ ತನ್ನಿ. ‘ವೇಸ್ಟ್ ಸಾರ್’ ಎಂದವರನ್ನು ನಂಬಬೇಡಿ. ಎಮಿಷನ್ ಟೆಸ್ಟಿಗೆ ನೀವೇ ಹೋಗಿ. ಲ್ಯಾಪ್‌ಟಾಪಿನ ಮುಂದೆ ಕೂತವರು ಟೀ ಕುಡಿದು ಬನ್ನಿ ಎಂದರೆ, ದಯವಿಟ್ಟು ಹೋಗಬೇಡಿ.

ಬಿಚ್ಚಿದ ಡೌನ್‌ಪೈಪನ್ನು ಮಾತ್ರ ಈ ಸಲ ಮರೆಯದೆ ಮನೆಗೆ ತಂದೆ. ಆನ್‌ಲೈನಿನಲ್ಲಿ ಮಾರಿದರೆ ಇನ್ನೊಬ್ಬರು ಹಾಕಿಸಿಕೊಳ್ಳುತ್ತಾರೆಂದು ಮಾರದೆ ಬಾಲ್ಕನಿಯಲ್ಲಿಟ್ಟಿದ್ದೆ, ಮೊನ್ನೆ ಭಾನುವಾರ ಗುಜರಿಯವನನ್ನು ಕರೆದು ತೋರಿಸಿದೆ. ಅವನು ತಕ್ಕಡಿಗೆ ಹಾಕಿ, ಒಳಗೆ ಇಣುಕಿ ನೋಡಿ, “ಇದ್ರೊಳಗೆ ಏನೂ ಇಲ್ವಲ್ಲ ಸಾರ್” ಎಂದು ಕಬ್ಬಿಣದ ಲೆಕ್ಕದಲ್ಲಿ 90 ರೂಪಾಯಿ ಕೊಟ್ಟ.